ಐನಾಪುರದ ವಾಯರಿಂಗ್ ಮಿಸ್ತ್ರಿ ಕೇಳುವ ಒಂದೇ ಪ್ರಶ್ನೆ

ಬೆಳಗಿನ ಆರು ಗಂಟೆ. ಐನಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪಾರಿಸನ ಚಹಾದಂಗಡಿಯ ಸ್ಟೋ ಈಗಷ್ಟೇ ಭುಸುಗುಡತೊಡಗಿದೆ. ಅದರ ಪಕ್ಕದ ತಗಡಿನ ಶೆಡ್ಡಿನ ಮುಂದೆ ಬೀರದೇವ ಮಿಸ್ತ್ರಿ ಒಂದು ಹಳೇ ಮೋಟರ್‌ಸೈಕಲ್ಲಿನ ಎದುರು ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಕೈಯಲ್ಲಿ ಪಾನಾ ಇಲ್ಲ, ಸ್ಕ್ರೂಡ್ರೈವರ್ ಇಲ್ಲ. ಹ್ಯಾಂಡಲ್ಲಿನ ಸ್ವಿಚ್ಚಿಗೆ ತೋರುಬೆರಳು ಒತ್ತಿ, ಆ ಬೆರಳನ್ನು ನಾಲಗೆಗೆ ಹಚ್ಚಿ, ಕಣ್ಣು ಮುಚ್ಚಿ ರುಚಿ ನೋಡುತ್ತಾರೆ.

"ಕಾಯಿ ಎಲ್ಲಿ ಒಡದಿ?"

"ಮುಂದಿನ ಗಾಲಿ ಹಂತ್ಯಾಕ ಒಡದೇನ್ರಿ," ಎನ್ನುತ್ತಾನೆ ಉಗಾರದಿಂದ ಬಂದ ಗಿರಾಕಿ.

"ಗಾಲಿ ಹಂತ್ಯಾಕ ಒಡದ ಕಾಯಿ ನೀರು ಸ್ವಿಚ್ಚಿನ್ಯಾಗ ಹ್ಯಾಂಗ ಬಂತು? ಹಾರಿ ಬಂತೇನು?"

ಗಿರಾಕಿ ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ ನಿಜ ಹೊರಬೀಳುತ್ತದೆ. ಹತ್ತಿರದಲ್ಲಿ ಕಲ್ಲು ಸಿಗಲಿಲ್ಲವೆಂದು ಕಾಯಿಯನ್ನು ಹ್ಯಾಂಡಲ್ಲಿಗೇ ಬಡಿದಿದ್ದಾನೆ. ನೀರೆಲ್ಲ ಸ್ವಿಚ್ಚಿನೊಳಗೆ ಇಳಿದಿದೆ. ಅದು ಸಾಲದೆಂಬಂತೆ ಮುಷ್ಟಿ ತುಂಬ ಭಂಡಾರ, ಅಂದರೆ ದೇವರ ಅರಿಸಿನದ ಪುಡಿ, ಟ್ಯಾಂಕಿನ ಮೇಲೆ ಎರಚಿ, ಕೀಲಿ ಹಾಕುವ ತೂತಿಗೂ ಭಕ್ತಿಯಿಂದ ಎರಡು ಚಿಟಿಕೆ ತುಂಬಿದ್ದಾನೆ. ಗಾಡಿ ಅಲ್ಲೇ ಉಸಿರು ಬಿಟ್ಟಿದೆ.

ನಿನ್ನೆ ಅಮಾವಾಸ್ಯೆ. ಈ ಭಾಗದಲ್ಲಿ ಅಮಾವಾಸ್ಯೆಗೊಮ್ಮೆ ಮೋಟರ್‌ಸೈಕಲ್ಲಿಗೆ ತಲೆಸ್ನಾನ, ನಿಂಬೆಹಣ್ಣು, ಕಾಯಿ, ಭಂಡಾರ ಎಲ್ಲವೂ ಆಗಲೇಬೇಕು. ವರ್ಷವಿಡೀ ಒಂದು ಹನಿ ಎಣ್ಣೆ ಕಾಣದ ಗಾಡಿಗೂ ಈ ಸತ್ಕಾರ ತಪ್ಪುವುದಿಲ್ಲ. ಅಮಾವಾಸ್ಯೆಯ ಮರುದಿನ ಬೆಳಗಾಗುವ ಮೊದಲೇ ಬೀರದೇವ ಅವರ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತದೆ. "ದೇವರು ಕೊಡ್ತಾನಂತಾರಲ್ರಿ, ನನಗ ಖರೇನ ದೇವರ ಕೊಡಾಕತ್ತಾನ. ವರ್ಷಕ್ಕ ಹನ್ನೆರಡ ಸಲ," ಎಂದು ಅವರು ಸ್ವಿಚ್ಚನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯಲು ಹಾಕುತ್ತಾರೆ.

ಬೀರದೇವ ಅವರಿಗೆ ನಲವತ್ತೇಳು ವರ್ಷ. ಎಂಜಿನ್ ಮುಟ್ಟುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ, ಪಂಕ್ಚರ್ ಅಂದರೆ ಸಿಟ್ಟಿಗೇಳುತ್ತಾರೆ. ಅವರ ಕೆಲಸ ಒಂದೇ. ಇಪ್ಪತ್ತು ವರ್ಷ ದಾಟಿದ ಮೋಟರ್‌ಸೈಕಲ್ಲುಗಳಲ್ಲಿ ಕರೆಂಟು ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕಿ ಕೊಡುವುದು. ಕಾಗವಾಡ, ಅಥಣಿ, ರಾಯಬಾಗ ಸೀಮೆಯ ಹಳ್ಳಿಗಳಿಂದ ಗಾಡಿಗಳು ಬರುತ್ತವೆ. ಕೆಲವು ಓಡಿಕೊಂಡು, ಹೆಚ್ಚಿನವು ನೂಕಿಸಿಕೊಂಡು, ಇನ್ನು ಕೆಲವು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕಬ್ಬಿನ ಸೋಗೆಯ ಮೇಲೆ ಮಲಗಿಕೊಂಡು. ಶೆಡ್ಡಿಗೆ ಬೋರ್ಡಿಲ್ಲ. ಯಾರಿಗಾದರೂ ದಾರಿ ಹೇಳಬೇಕಾದರೆ ಜನ "ಆ ಪ್ರಶ್ನೆ ಕೇಳೂ ಮಿಸ್ತ್ರಿ" ಎನ್ನುತ್ತಾರೆ.

ದಿನಕ್ಕೆ ಒಂಬತ್ತರಿಂದ ಹತ್ತು ಗಾಡಿ. ಅಮಾವಾಸ್ಯೆಯ ಮರುದಿನ ಇಪ್ಪತ್ತಮೂರರ ತನಕ ಹೋದದ್ದುಂಟು. ಹನ್ನೊಂದು ಕಪ್ಪು ಚಹಾ. ಹತ್ತು ಮೀಟರು ತಂತಿ. ಮತ್ತು ಅವರ ಲೆಕ್ಕದ ಪ್ರಕಾರ ಗಾಡಿಗೆ ಕನಿಷ್ಠ ಎರಡು ಸುಳ್ಳು. ಶೆಡ್ಡಿನ ಮೂಲೆಯಲ್ಲಿ ಒಂದು ಡಾಲ್ಡಾ ಡಬ್ಬಿ ಇದೆ. ಗಾಡಿಗಳ ಫ್ಯೂಸ್ ಇರಬೇಕಾದ ಜಾಗದಿಂದ ಅವರು ಈ ತನಕ ಕಿತ್ತು ತೆಗೆದ ವಸ್ತುಗಳೆಲ್ಲ ಅದರಲ್ಲಿವೆ. ಗುಟ್ಕಾ ಚೀಟಿಯ ಬೆಳ್ಳಿ ಕಾಗದ, ತಲೆಪಿನ್ನು, ಕೊಡೆಯ ಕಡ್ಡಿ, ಕಾಲ್ಗೆಜ್ಜೆಯ ಒಂದು ಕೊಂಡಿ. ಎಲ್ಲಕ್ಕಿಂತ ಹೆಚ್ಚಾಗಿ, ದ್ರಾಕ್ಷಿ ಬಳ್ಳಿ ಹಬ್ಬಿಸುವ ಕಬ್ಬಿಣದ ತಂತಿಯ ತುಣುಕುಗಳು. ಈ ಕಡೆಯ ತೋಟದವರಿಗೆ ಆ ತಂತಿ ಒಂದಿದ್ದರೆ ಜಗತ್ತಿನಲ್ಲಿ ಬೇರೆ ಯಾವ ಸಾಮಾನೂ ಬೇಡ. ಬಾಗಿಲ ಚಿಲಕವೂ ಅದೇ, ಕನ್ನಡಕದ ಕಾಲೂ ಅದೇ. ಫ್ಯೂಸು ಹೋದರೆ ಅಲ್ಲಿಗೂ ಅದನ್ನೇ ತುರುಕುತ್ತಾರೆ. ಆಮೇಲೆ ಇಡೀ ಗಾಡಿಯ ವಾಯರಿಂಗ್ ಸುಟ್ಟು ಕರಿ ಹಗ್ಗವಾದಾಗ "ಕಂಪನಿ ಮಾಲ್ ಸರಿ ಇಲ್ಲ" ಎಂದು ಬೈಯುತ್ತಾರೆ. ಸಿಟ್ಟು ಬಾರದಿರಲು ಬೀರದೇವ ಅವರೇನು ಕಲ್ಲೇ?

ಅವರ ತಂದೆ ಗಂಗಾರಾಮ ಕುರಿ ಕಾಯುತ್ತಿದ್ದವರು. ಕೃಷ್ಣೆಯ ಈ ದಂಡೆ, ಆ ದಂಡೆ ಎಂದು ವರ್ಷದ ಎಂಟು ತಿಂಗಳು ಅಡವಿಯ ಬದುಕು. ಬೀರದೇವ ಏಳನೆಯ ಇಯತ್ತೆ ಮುಗಿಸಿ, ಮೀರಜಿನಲ್ಲಿ ಅಂಗಡಿ ಇಟ್ಟಿದ್ದ ನೇಮಿನಾಥ ಮಿಸ್ತ್ರಿಯ ಕೈಕೆಳಗೆ ಸೇರಿದರು. ಮೊದಲ ಎರಡು ವರ್ಷ ಅವರಿಗೆ ಸಿಕ್ಕ ಕೆಲಸ, ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಸುಲಿಯುವುದು. ಮುಂದಿನ ಎರಡು ಹಲ್ಲು ಅದಕ್ಕೇ ಮುಕ್ಕಾಗಿವೆ. ನಕ್ಕಾಗ ಆ ಸಂದಿಯಲ್ಲಿ ಒಂದು ತಂತಿ ಸರಾಗವಾಗಿ ಹಾಯುವಷ್ಟು ಜಾಗ ಕಾಣುತ್ತದೆ. ಹನ್ನೊಂದು ವರ್ಷ ಅಲ್ಲಿ ದುಡಿದು ಊರಿಗೆ ಬಂದು ಶೆಡ್ಡು ಹಾಕಿದರು. ಐದಾರು ವರ್ಷದ ಹಿಂದೆ ಹೊಳೆ ಉಕ್ಕಿ ಊರೊಳಗೆ ಬಂದಾಗ ಶೆಡ್ಡಿನ ತಗಡು ಕೂಡ ಉಳಿಯಲಿಲ್ಲ. ನೀರು ಇಳಿದ ಮೇಲೆ ಕೆಸರು ತುಂಬಿದ ನೂರಾ ನಲವತ್ತು ಗಾಡಿಗಳನ್ನು ನಾಲ್ಕು ತಿಂಗಳು ಬಯಲಲ್ಲೇ ಕುಳಿತು ಬಿಚ್ಚಿ ತೊಳೆದರು. ಹೆಂಡತಿ ಭೀಮಾಬಾಯಿ ಮನೆಯ ಕಾಟು, ಕೌದಿ ಎಲ್ಲವನ್ನೂ ವಾಯರು ಒಣಗಿಸಲು ಬಿಟ್ಟುಕೊಟ್ಟಿದ್ದರು.

"ತಂತಿ ಕೆಲಸ ನೇಮಿನಾಥ ಮಿಸ್ತ್ರಿ ಕಲಿಸಿದ್ರು. ಆದ್ರ ಹುಡುಕೂದು ನಮ್ಮಪ್ಪ ಕಲಿಸ್ಯಾನ್ರಿ," ಎನ್ನುತ್ತಾರೆ. "ಇನ್ನೂರು ಕುರಿ ಒಳಗ ಕುಂಟೂ ಕುರಿ ಯಾವುದಂತ ನಿಂತಾಗ ಗೊತ್ತಾಗೂದಿಲ್ಲ. ಅವನ್ನ ನಡಸಬೇಕು. ನಡಸಿ ಹಿಂದ ನಿಂತ ನೋಡಬೇಕು. ಗಾಡಿನೂ ಅಷ್ಟ. ಎಲ್ಲಾರೂ ನಿಂತ ಗಾಡಿ ಬಿಚ್ಚತಾರ. ನಿಂತಾಗ ಅದು ಶ್ಯಾಣ್ಯಾ ಇರತೈತಿ."

ಹೀಗಾಗಿ ಅವರದೊಂದು ನೇಮ. ಗಾಡಿ ಹೇಗೆ, ಎಲ್ಲಿ, ಯಾರನ್ನು ಹೊತ್ತಾಗ ನಿಂತಿತೋ ಹಾಗೆಯೇ ಮತ್ತೆ ನಿಲ್ಲಿಸಿ ತೋರಿಸದೆ ಅವರು ಒಂದು ಬೋಲ್ಟನ್ನೂ ಸಡಿಲಿಸುವುದಿಲ್ಲ. ಮೊದಲು ಕೇಳುವುದು ಒಂದೇ ಪ್ರಶ್ನೆ: "ಕರೆಂಟ್ ಹೋದಾಗ ನೀವು ಏನ್ ಮಾಡಾಕತ್ತಿದ್ರಿ?" ಗಂಡಸರ ಉತ್ತರವೂ ಒಂದೇ: "ಏನೂ ಇಲ್ರಿ, ಸುಮ್ನ ಹೊಂಟಿದ್ದೆ." ಇದಕ್ಕಿಂತ ದೊಡ್ಡ ಸುಳ್ಳು ನಿಪ್ಪಾಣಿಯಿಂದ ಕಾಗವಾಡದ ತನಕ ಇನ್ನೊಂದಿಲ್ಲ. ಯಾರೂ ಸುಮ್ಮನೆ ಹೋಗುವುದಿಲ್ಲ. ಒಬ್ಬ ಎರಡು ಚೀಲ ಗೊಬ್ಬರ ಹೇರಿರುತ್ತಾನೆ, ಇನ್ನೊಬ್ಬ ಟ್ಯಾಂಕಿನ ಮೇಲೆ ಮೇಕೆ ಮಲಗಿಸಿಕೊಂಡಿರುತ್ತಾನೆ.

ಏಳು ಗಂಟೆಗೆ ಜುಗೂಳದ ಮುರಗೆಪ್ಪ ಬರುತ್ತಾರೆ. ನಾಲ್ಕು ಎಕರೆ ಕಬ್ಬು, ಎರಡು ಎಕರೆ ದ್ರಾಕ್ಷಿ, ಐವತ್ತೈದರ ಆಸುಪಾಸಿನ ಗಟ್ಟಿ ಆಳು. ಮೋಟರ್‌ಸೈಕಲ್ಲು ಅವರ ಮದುವೆಯ ವರ್ಷ ಕೊಂಡದ್ದು. ಬ್ಯಾಟರಿಯಿಂದ ಕರೆಂಟು ಬಾರದಿದ್ದರೆ ಎಂಜಿನ್ನೂ ನಡೆಯದ ಹಳೇ ಜಾತಿಯದು. ಹಿಂದುಗಡೆ ಗೋಣಿಚೀಲದಲ್ಲಿ ಸುತ್ತಿದ ಕಬ್ಬಿಣದ ಚೌಕಟ್ಟೊಂದನ್ನು ಕಟ್ಟಿಕೊಂಡು ತಂದಿದ್ದಾರೆ. ಅದು ಹಾಲಿನ ಕ್ಯಾನ್ ಇಡುವ ಕ್ಯಾರಿಯರ್.

"ಬೀರದೇವ, ಹಿಂದಿನ ಸೀಟ ಕೊಯ್ದ ತಗದು ಇದನ್ನ ಕೂಡಸಿ ಕೊಡು. ವಾಯರ್ ಗೀಯರ್ ಅಡ್ಡ ಬರತಾವಂತ ನಿನ್ನ ಹಂತ್ಯಾಕ ಬಂದೇನಿ."

"ಸೀಟ್ ಯಾಕ ಕೊಯ್ಯಾಕ ಹೊಂಟೀರಿ ಅಣ್ಣಾರ? ಅಕ್ಕಾರು ಎಲ್ಲಿ ಕುಂದರಬೇಕು?"

"ಅದಕ್ಕ ಕೊಯ್ಯಾಕ ಹೊಂಟೇನೋ ಮಾರಾಯಾ!" ಮುರಗೆಪ್ಪ ದನಿ ತಗ್ಗಿಸುತ್ತಾರೆ. ತಗ್ಗಿಸಿದ ದನಿಯೂ ಚಹಾದಂಗಡಿಗೆ ಸ್ಪಷ್ಟವಾಗಿ ಕೇಳುತ್ತದೆ. "ಆಕಿ ಕುಂತ್ರ ಗಾಡಿ ಬಂದ್ ಬೀಳತೈತಿ. ಲೈಟ್ ಇಲ್ಲ, ಹಾರ್ನ್ ಇಲ್ಲ, ಎಂಜಿನ್ ಇಲ್ಲ, ಹೆಣ ಆಗತೈತಿ. ಇಳದು ಎರಡ್ ಕಿಕ್ ಹೊಡದ್ರ ಮತ್ತ ಚಾಲೂ. ಈ ವರ್ಷ ಐದ ಸಲ. ಐದೂ ಸಲ ಹಿಂದ ಆಕಿನ. ನಾ ಒಬ್ಬನ ಹೋದ್ರ ಬೆಳಗಾವಿಗೆ ಹೋಗಿ ಬಂದ್ರೂ ಗಪ್ ಅನ್ನೂದಿಲ್ಲ."

ಮೂವರು ಮಿಸ್ತ್ರಿಗಳು ನೋಡಿದ್ದಾರಂತೆ. ಒಬ್ಬ ಬ್ಯಾಟರಿ ಬದಲಿಸಿದ, ಒಬ್ಬ ಕಾಯಿಲ್ ಬದಲಿಸಿದ, ಮೂರನೆಯವನು ಕೀಲಿಯ ಸ್ವಿಚ್ಚನ್ನೇ ಹೊಸದು ಹಾಕಿದ. ಕಳೆದ ತಿಂಗಳು ಚಿಕ್ಕೋಡಿಯಲ್ಲಿ ಮುರಗೆಪ್ಪನವರ ಸೋದರಳಿಯನ ಮದುವೆ. ಗಾಡಿ ದಾರಿಯಲ್ಲಿ ಎರಡು ಸಲ ನಿಂತು, ಇವರು ತಲುಪಿದಾಗ ಅಕ್ಷತೆ ಬಿದ್ದು ಜನ ಊಟಕ್ಕೆ ಕುಳಿತಿದ್ದರು. ಮುರಗೆಪ್ಪನವರ ತಂಗಿ ಶೇವಂತಾ, ಅಂದರೆ ಮದುಮಗನ ತಾಯಿ, ನೆರೆದವರ ಎದುರೇ ಅಂದುಬಿಟ್ಟಳಂತೆ: "ವೈನಿ ಕುಂತ ಗಾಡಿ ಊರ ಮುಟ್ಟೂದಿಲ್ಲ." ವೈನಿ ಅಂದರೆ ಅತ್ತಿಗೆ. ಅಲ್ಲಿಂದ ಆ ಮಾತು ಜುಗೂಳಕ್ಕೆ ಇವರಿಗಿಂತ ಮೊದಲೇ ಬಂದು ಮುಟ್ಟಿದೆ. ಹಾಲಿನ ಕ್ಯಾರಿಯರ್ ಹುಟ್ಟಿದ್ದು ಹೀಗೆ.

ಬೀರದೇವ ತಮ್ಮ ಪ್ರಶ್ನೆ ಕೇಳುತ್ತಾರೆ. ಮುರಗೆಪ್ಪ ಉತ್ತರಿಸುತ್ತಾರೆ: "ಏನೂ ಇಲ್ಲೋ, ಸುಮ್ನ ಹೊಂಟಿದ್ದೆ."

"ಗಾಡಿ ವಾಯರಿಗೆ ಯಾರರ ಕೈ ಹಚ್ಯಾರ?"

"ಯಾರೂ ಮುಟ್ಟಿಲ್ಲ."

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಟಂಟಂ ಆಟೋ ನಿಲ್ಲುತ್ತದೆ. ಅದರಿಂದ ಮುರಗೆಪ್ಪನವರ ಹೆಂಡತಿ ಕಾಳವ್ವ ಇಳಿಯುತ್ತಾರೆ. ಮುರಗೆಪ್ಪ ಮನೆಯಲ್ಲಿ ಹೇಳಿ ಬಂದದ್ದು ದ್ರಾಕ್ಷಿಯ ಔಷಧಿ ತರುತ್ತೇನೆಂದು. ಕೊಟ್ಟಿಗೆಯಲ್ಲಿದ್ದ ಕ್ಯಾರಿಯರ್ ಕಾಣೆಯಾದದ್ದು ನೋಡಿ ಕಾಳವ್ವ ಹಿಂದೆಯೇ ಟಂಟಂ ಹಿಡಿದಿದ್ದಾರೆ.

"ಕೊಯ್ರಿ," ಎನ್ನುತ್ತಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ. "ನನ್ನ ಮುಂದ ಕೊಯ್ರಿ. ಈ ಗಾಡಿ ಮ್ಯಾಲ ಕುಂತ ನಾ ಈ ಮನಿಗೆ ಬಂದೇನಿ. ಇಪ್ಪತ್ತೇಳು ವರ್ಷ ಏನೂ ಆಗಲಿಲ್ಲ, ಈಗ ನನ್ನಿಂದ ಬಂದ್ ಬೀಳತೈತೇನು? ಮಿಸ್ತ್ರಿ, ನೀ ಹೇಳು. ನನ್ನಿಂದ ಅಂತ ತೋರಸು, ನಾನ ಸೀಟ ಕೊಯ್ದ ಕೊಡ್ತೇನಿ. ಅಲ್ಲ ಅಂದ್ರ ಇವರು ಶೇವಂತಾಗ ಫೋನ್ ಹಚ್ಚಿ ಹೇಳಬೇಕು."

ಚಹಾದಂಗಡಿಯಲ್ಲಿ ಯಾರೂ ಚಹಾ ಕುಡಿಯುತ್ತಿಲ್ಲ. ಬೀರದೇವ ಉಗಾರದ ಸ್ವಿಚ್ಚನ್ನು ಪೆಟ್ರೋಲಿನಲ್ಲೇ ಬಿಟ್ಟು ಏಳುತ್ತಾರೆ. ಹೆಂಗಸೊಬ್ಬಳ ಮರ್ಯಾದೆಯನ್ನು ಒಂದು ಹಳೇ ವಾಯರಿಗೆ ಕಟ್ಟಿ ಊರೆಲ್ಲ ಎಳೆದಾಡಿದ್ದಾರೆ. ಇದಕ್ಕೆ ಅಮಾವಾಸ್ಯೆಯ ಗಿರಾಕಿಗಳು ಅರ್ಧ ತಾಸು ಕಾಯಬಹುದು.

ಮೊದಲ ಅನುಮಾನ ಭಾರದ್ದು. ಬೀರದೇವ ಹಿಂದೆ ಕಟ್ಟಿದ್ದ ಕ್ಯಾರಿಯರನ್ನು ಬಿಚ್ಚಿ ಕೆಳಗಿಟ್ಟು, ತಮ್ಮ ಟೆಸ್ಟಿಂಗ್ ಬಲ್ಬನ್ನು ತರುತ್ತಾರೆ. ಎರಡು ತಂತಿಯ ತುದಿಗೆ ಕಟ್ಟಿದ ಒಂದು ಪುಟ್ಟ ಬಲ್ಬು, ಅಷ್ಟೇ. ಅದನ್ನು ಗಾಡಿಯ ಕೀಲಿಯ ವಾಯರಿಗೂ ಕಬ್ಬಿಣಕ್ಕೂ ಜೋಡಿಸುತ್ತಾರೆ. ಕರೆಂಟಿದ್ದರೆ ಉರಿಯುತ್ತದೆ, ಹೋದರೆ ಆರುತ್ತದೆ. ಆಮೇಲೆ ಚಹಾದಂಗಡಿಯ ಪಾರಿಸನನ್ನು ಕರೆಯುತ್ತಾರೆ. ಪಾರಿಸನ ತೂಕ ತೊಂಬತ್ತೆಂಟು ಕಿಲೋ.

"ಕುಂದ್ರಲೇ ಪಾರಿಸ. ಅಕ್ಕಾರ ಹಂಗ, ಒಂದ ಕಡೆ ಎರಡೂ ಕಾಲ ಇಳಿಬಿಟ್ಟ ಕುಂದರು."

"ನಾ ಅಲ್ಲಪಾ! ನಾಳಿ ಮಂದಿ ಮುಂದ ಅಡ್ಡಾಡಬೇಕು."

"ಅಕ್ಕಾರು ಅಡ್ಡಾಡಾಕತ್ತಿಲ್ಲೇನು? ಹತ್ತಲೇ!"

ಪಾರಿಸ ಲುಂಗಿ ಸರಿಪಡಿಸಿಕೊಂಡು, ಮೊಣಕಾಲು ಜೋಡಿಸಿ, ಹೊಸ ಸೊಸೆಯಂತೆ ಎಡಕ್ಕೆ ಕಾಲು ಇಳಿಬಿಟ್ಟು ಕೂರುತ್ತಾನೆ. ಮುರಗೆಪ್ಪ ಗಾಡಿ ಹೊಡೆಯುತ್ತಾರೆ. ಹಾಲಿನ ಡೇರಿಯ ತನಕ ಹೋಗಿ, ಎರಡು ತಗ್ಗು ಹಾರಿಸಿ, ತಿರುಗಿ ಬರುತ್ತಾರೆ. ಬಲ್ಬು ಒಮ್ಮೆಯೂ ಮಿಟುಕುವುದಿಲ್ಲ. ಓಣಿಯವರೆಲ್ಲ ಸಿಳ್ಳೆ ಹಾಕುತ್ತಾರೆ. ಪಾರಿಸ ಕೆಳಗಿಳಿದು ಯಾರ ಮುಖವನ್ನೂ ನೋಡದೆ ಹೋಗಿ ಹಾಲು ಕಾಯಿಸಲು ನಿಲ್ಲುತ್ತಾನೆ.

"ನೋಡಿದ್ಯಾ?" ಮುರಗೆಪ್ಪನ ಮುಖ ಅರಳುತ್ತದೆ. "ಕ್ವಿಂಟಲ್ ಆಳ ಕುಂತ್ರೂ ಏನಿಲ್ಲ. ಈಕಿ ಕುಂತ್ರ ಅಷ್ಟ."

ಕಾಳವ್ವನ ಮುಖ ಬಾಡುತ್ತದೆ. ಅವರು ಹೋಗಿ ಸೀಟಿನ ಮೇಲೆ ಕೂರುತ್ತಾರೆ. "ನಡೀರಿ," ಎನ್ನುತ್ತಾರೆ. ಬೀರದೇವ ಬಲ್ಬನ್ನು ಅವರ ಕೈಗೇ ಕೊಡುತ್ತಾರೆ. ಗಾಡಿ ಹೋಗುತ್ತದೆ, ಬರುತ್ತದೆ. ಬಲ್ಬು ಉರಿಯುತ್ತಲೇ ಇದೆ. ಈಗ ಕಾಳವ್ವನ ಸರದಿ: "ಎಲ್ಲಿ ಬಂದ್ ಬಿತ್ತು? ಹ್ಞಾಂ? ಎಲ್ಲಿ ಬಿತ್ತು?"

ಇಬ್ಬರೂ ಗೆದ್ದು, ಇಬ್ಬರೂ ಸೋತು, ಮಿಸ್ತ್ರಿಯ ಕಡೆ ನೋಡುತ್ತಾರೆ. ಬೀರದೇವ ಹಲ್ಲಿನ ಸಂದಿಗೆ ನಾಲಗೆ ಆಡಿಸುತ್ತ ಒಂದು ನಿಮಿಷ ನಿಲ್ಲುತ್ತಾರೆ. ಆಮೇಲೆ ತಮ್ಮ ಪ್ರಶ್ನೆಯನ್ನು, ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ, ಹಿಂದೆ ಕುಳಿತವರಿಗೆ ಕೇಳುತ್ತಾರೆ.

"ಅಕ್ಕಾರ, ಕರೆಂಟ್ ಹೋದಾಗ ಅಣ್ಣಾರು ಏನ್ ಮಾಡಾಕತ್ತಿದ್ರು? ಒಂದೊಂದ ಸಲದ್ದೂ ಹೇಳ್ರಿ."

ಕಾಳವ್ವನಿಗೆ ಐದೂ ನೆನಪಿದೆ. "ಮೊದಲನೇ ಸಲ ಕಾಗವಾಡದಾಗ. ಔಷಧ ಹೊಡಿಯೂ ಪಂಪ್ ಯಾರಿಗೆ ಕೊಟ್ಟೀರಿ ಅಂತ ಕೇಳಿದೆ. ಬಂದ್ ಬಿತ್ತು. ಎರಡನೇದ್ದು, ನಿಮ್ಮ ತಂಗಿಗೆ ಎರಡ ಸೀರಿ, ನನಗ ಒಂದ ಯಾಕ ಅಂತ ಕೇಳಿದೆ. ಬಂದ್ ಬಿತ್ತು. ಮೂರನೇದ್ದು, ಡಾಕ್ಟರ್ ತಂಬಾಕು ಬಿಡ್ರಿ ಅಂದಾರ, ಕಿಸೆದಾಗ ಏನೈತಿ ಅಂದೆ..."

"ಅಣ್ಣಾರು ಏನಂದ್ರು?"

"ಅನ್ನಾಕ ಎಲ್ಲಿ ಬಿಡತೈತಿ? ಅಷ್ಟರಾಗ ಗಾಡಿ ಬಂದ್ ಬಿದ್ದಿರತೈತಿ. ಇಳದು, ನೂಕಿ, ಕಿಕ್ ಹೊಡದು, ಮಾತು ಅಲ್ಲೇ ಹೋಗತೈತಿ." ಹೇಳುತ್ತ ಹೇಳುತ್ತ ಕಾಳವ್ವ ತಟಕ್ಕನೆ ನಿಲ್ಲಿಸುತ್ತಾರೆ. ಗಂಡನ ಕಡೆ ನಿಧಾನಕ್ಕೆ ತಿರುಗುತ್ತಾರೆ. "ಅಯ್ಯ... ನೀವ ಕೀಲಿ ತಿರುವತೀರಿ!"

ಚಹಾದಂಗಡಿ ಹೋ ಎನ್ನುತ್ತದೆ. ಪಾರಿಸನಿಗೆ ಈಗಷ್ಟೇ ಜೀವ ಬಂದಿದೆ. "ಮುರಗೆಪ್ಪಣ್ಣಾ, ಭಾರೀ ಕಂಡಹಿಡದಿ ನೋಡು! ಎಲ್ಲಾರ ಗಾಡಿಗೂ ಒಂದೊಂದ ಹಚ್ಚಿ ಕೊಡಪಾ!"

"ದೇವರ ಆಣಿ! ಹೊಲದ ಆಣಿ!" ಮುರಗೆಪ್ಪ ಎರಡೂ ಕೈ ಮೇಲೆತ್ತಿ ಅಂಗಲಾಚುತ್ತಾರೆ. "ನಾ ಕೀಲಿ ಮುಟ್ಟಿಲ್ಲೋ!" ಹತ್ತು ನಿಮಿಷದ ಹಿಂದೆ ಹೆಂಡತಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದ ಮನುಷ್ಯ ಈಗ ತಾನೇ ಅಲ್ಲಿ ನಿಂತಿದ್ದಾರೆ. ಅವರನ್ನು ನಂಬಿದವರು ಇಡೀ ಓಣಿಯಲ್ಲಿ ಬೀರದೇವ ಒಬ್ಬರೇ. ಕೀಲಿ ತಿರುವುವವನು ಅದನ್ನು ಸರಿಮಾಡಿಸಲು ಮೂವರು ಮಿಸ್ತ್ರಿಗಳ ಬಳಿ ಹೋಗುವುದಿಲ್ಲ.

"ಅಕ್ಕಾರ, ಇನ್ನೊಂದ ಸಲ ಕುಂದ್ರಿ. ಹೋಗೂ ದಾರಿಯಾಗ ಅಣ್ಣಾರಿಗೆ ಸುಮ್ನ ಇರಾಕ ಆಗದಂಥಾ ಮಾತ ಒಂದ ಕೇಳ್ರಿ. ಒಂದ ಕಣ್ಣು ಬಲ್ಬಿನ ಮ್ಯಾಲ ಇರಲಿ, ಒಂದ ಕಣ್ಣು ಅವರ ಕೈ ಮ್ಯಾಲ. ಮತ್ತ ಅಣ್ಣಾರ, ಒಂದ ಮಾತು. ಗಾಡಿ ಬಂದ್ ಬಿದ್ರ ಇಬ್ಬರೂ ಇಳೀಬಾರದು. ಕಾಲ ಊರಿ, ಹ್ಯಾಂಗ ಅದೀರಿ ಹಂಗ ಇರ್ರಿ. ಹಣಿ ಮ್ಯಾಲ ನೊಣ ಕುಂತ್ರೂ ಹೊಡೀಬ್ಯಾಡ್ರಿ."

ಹಿಂದೆ ಪಾರಿಸನ ಸ್ಕೂಟರಿನ ಮೇಲೆ ಬೀರದೇವ. ಹಾಲು ಸ್ಟೋ ಮೇಲೆಯೇ ಉಳಿದಿದೆ, ಆಮೇಲೆ ಉಕ್ಕಿಯೂ ಹೋಗಿದೆ. ಡೇರಿ ಹತ್ತಿರ ಬರುತ್ತಿದ್ದಂತೆ ಕಾಳವ್ವ ಗಂಡನ ಕಿವಿಯ ಬಳಿ ಬಾಗುತ್ತಾರೆ. ಕೇಳಿದ್ದು ಹಿಂದಿನ ಸ್ಕೂಟರಿಗೂ ಕೇಳುವಂತಿದೆ:

"ಕಬ್ಬ ಕಡಿಯೂ ಗ್ಯಾಂಗ್ ಹುಡುಕಾಕ ಹೊಕ್ಕೇನಿ ಅಂತ ಹೇಳಿ ಕೊಲ್ಹಾಪುರಕ್ಕ ಕುಸ್ತಿ ನೋಡಾಕ ಹೋಗಿದ್ರಂತ, ಖರೇನ?"

"ಯಾರ ಹೇಳಿದ್ರ ನಿನಗ?" ಮುರಗೆಪ್ಪ ಸೊಂಟದಿಂದಲೇ ಎಡಕ್ಕೆ ಹೊರಳುತ್ತಾರೆ.

ಗಾಡಿ ಗಪ್ಪಾಗುತ್ತದೆ. ಬಲ್ಬು ಆರುತ್ತದೆ.

"ಹೊಳ್ಳಿದ್ರು!" ಕಾಳವ್ವ ಕೂಗುತ್ತಾರೆ. "ಎರಡೂ ಕೈ ಹ್ಯಾಂಡಲ್ ಮ್ಯಾಲ ಅದಾವು, ಕೀಲಿ ಮುಟ್ಟಿಲ್ಲ. ಬರೇ ಹೊಳ್ಳಿದ್ರು ಮಿಸ್ತ್ರಿ, ಬರೇ ಹೊಳ್ಳಿದ್ರು!"

"ಹಂಗ ಇರ್ರಿ! ಅಲ್ಲಾಡಬ್ಯಾಡ್ರಿ!" ಬೀರದೇವ ಸ್ಕೂಟರ್ ನಿಲ್ಲುವ ಮೊದಲೇ ಹಾರಿ ಇಳಿಯುತ್ತಾರೆ.

ಹೀಗೆ ಐನಾಪುರದ ಹಾಲಿನ ಡೇರಿಯ ಮುಂದೆ, ನಡುರಸ್ತೆಯಲ್ಲಿ, ಮುರಗೆಪ್ಪ ಕುತ್ತಿಗೆ ತಿರುಚಿಕೊಂಡು ಹೆಂಡತಿಯ ಮುಖಕ್ಕೆ ಒಂದು ಗೇಣು ದೂರದಲ್ಲಿ ಮುಖ ಇಟ್ಟುಕೊಂಡು ಕೂತುಬಿಡುತ್ತಾರೆ. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ನಿಲ್ಲುತ್ತಾರೆ. "ಏನ್ರಿ, ಫೋಟೋ ತಗಿಸಾಕತ್ತೀರೇನು?" ಎಂದು ಒಬ್ಬ ಕೇಳುತ್ತಾನೆ. ಹಿಂದಿನಿಂದ ಬಂದ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತದೆ. ಮುರಗೆಪ್ಪನಿಗೆ ಹೊರಳಿ ಬೈಯುವ ಸ್ವಾತಂತ್ರ್ಯವೂ ಇಲ್ಲ. "ಲಗೂ ಮಾಡೋ ಬೀರದೇವ, ಕುತಗಿ ಹಿಡಿಯಾಕತ್ತೈತಿ," ಎಂದು ತುಟಿ ಅಲ್ಲಾಡಿಸದೆ ಗೊಣಗುತ್ತಾರೆ. "ಕೇಳಿದ್ದಕ್ಕ ಇನ್ನೂ ಹೇಳಿಲ್ಲ ನೀವು," ಎಂದು ಕಾಳವ್ವ ಅಷ್ಟೇ ಹತ್ತಿರದಿಂದ ನೆನಪಿಸುತ್ತಾರೆ.

ಬೀರದೇವ ಕಣ್ಣು ಮುಚ್ಚಿ, ಟ್ಯಾಂಕಿಗೂ ಸೀಟಿಗೂ ನಡುವಿನ ಸಂದಿಯಲ್ಲಿ ಎರಡು ಬೆರಳು ಇಳಿಸಿದ್ದಾರೆ. ಬ್ಯಾಟರಿಯಿಂದ ಮುಂದಕ್ಕೆ ಹೋಗುವ ದಪ್ಪ ಕೆಂಪು ವಾಯರು ಅಲ್ಲೇ ಹಾಯುತ್ತದೆ. ಬೆರಳು ಒಂದು ಕಡೆ ನಿಲ್ಲುತ್ತದೆ. ಒತ್ತುತ್ತಾರೆ. ಬಲ್ಬು ಹೊತ್ತಿಕೊಳ್ಳುತ್ತದೆ. ಬಿಡುತ್ತಾರೆ. ಆರುತ್ತದೆ. ಒತ್ತುತ್ತಾರೆ, ಹೊತ್ತುತ್ತದೆ. ಡೇರಿಯ ಮುಂದಿನ ಜನ, ಏನು ನಡೆದಿದೆಯೆಂದು ಗೊತ್ತಿಲ್ಲದೆಯೂ, ಚಪ್ಪಾಳೆ ತಟ್ಟುತ್ತಾರೆ.

ಶೆಡ್ಡಿಗೆ ತಂದು ಸೀಟು ಬಿಚ್ಚಿದಾಗ ಎಲ್ಲವೂ ಕಣ್ಣೆದುರೇ ಇದೆ. ಕೆಂಪು ವಾಯರಿನ ಮೇಲಿನ ಪ್ಲಾಸ್ಟಿಕ್ಕು ಗಟ್ಟಿಯಾಗಿದೆ, ಆದರೆ ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿವೆ. ಎರಡು ತುದಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿವೆಯಷ್ಟೇ. ಸೀಟಿನ ಮೂತಿ ಎಡಕ್ಕೆ ಸರಿದರೆ ವಾಯರನ್ನು ಎಳೆಯುತ್ತದೆ, ತುದಿಗಳು ಕೂದಲೆಳೆಯಷ್ಟು ದೂರವಾಗುತ್ತವೆ, ಕರೆಂಟು ಹೋಗುತ್ತದೆ. ಇಳಿದ ಕೂಡಲೇ ಸೀಟು ತನ್ನ ಜಾಗಕ್ಕೆ ಬರುತ್ತದೆ, ಕರೆಂಟೂ ಬರುತ್ತದೆ. ಮೂವರು ಮಿಸ್ತ್ರಿಗಳು ನೋಡಿದ್ದು ಇಳಿದ ಮೇಲಿನ ಗಾಡಿಯನ್ನು. ಒಬ್ಬರೇ ಹೋಗುವಾಗ ಮುರಗೆಪ್ಪ ಹಿಂದಕ್ಕೆ ಹೊರಳಬೇಕಾದ ಕಾರಣವಿಲ್ಲ. ಪಾರಿಸ ಕುಳಿತಾಗ ಪಾರಿಸನೇನೂ ಸೀರೆಯ ಲೆಕ್ಕ ಕೇಳಲಿಲ್ಲ.

ಆದರೆ ಸೀಟು ಸರಿಯುವುದೇಕೆ? ಅದರ ಮೂತಿಯ ಕೆಳಗೆ ಇರಬೇಕಾದ ರಬ್ಬರ್ ಬುಶ್ ಇಲ್ಲ. ಅದರ ಬದಲು ಅಲ್ಲಿ ಬಿಗಿದು ಸುತ್ತಿರುವುದು ಏಳೆಂಟು ಸುತ್ತು ದ್ರಾಕ್ಷಿ ತೋಟದ ತಂತಿ. ಅದೇ ವರ್ಷವಿಡೀ ವಾಯರನ್ನು ಒತ್ತಿ ಬಗ್ಗಿಸಿ ಬಗ್ಗಿಸಿ ಒಳಗೊಳಗೇ ಕಡಿದಿದೆ.

"ಯಾರೂ ಮುಟ್ಟಿಲ್ಲ ಅಂದ್ರೆಲ್ಲ ಅಣ್ಣಾರ?" ಬೀರದೇವ ಅವರ ದನಿ ಈಗ ಏರಿದೆ.

ಮುರಗೆಪ್ಪ ಕುತ್ತಿಗೆ ತಿಕ್ಕಿಕೊಳ್ಳುತ್ತಾರೆ. "ಹೋದ ದೀಪಾವಳಿಗೆ ಸೀಟಿಗೆ ಹೊಸಾ ರೆಕ್ಸಿನ್ ಹಾಕಿಸಿದ್ದೆ. ಆಗ ಆ ರಬ್ಬರ್ ಕಳೀತು. ಸೀಟು ಗಡಗಡ ಅನ್ನಾಕತ್ತು. ಅದಕ್ಕ ಒಂಚೂರು ತಂತಿ... ಅದೇನ ವಾಯರಿಗೆ ಕೈ ಹಚ್ಚಿದಂಗ ಏನೋ?"

"ಅಂದ್ರ ನಾ ಕುಂತದ್ದಕ್ಕಲ್ಲ," ಎನ್ನುತ್ತಾರೆ ಕಾಳವ್ವ. ಯಾರಿಗೂ ಅಲ್ಲ, ತಮಗೇ ಹೇಳಿಕೊಂಡಂತೆ.

"ಅಲ್ಲಕ್ಕಾರ. ನಿಮ್ಮಂಥಾರು ಇಬ್ಬರು ಕುಂತ್ರೂ ಈ ಗಾಡಿಗೆ ಏನಾಗೂದಿಲ್ಲ."

"ಆದ್ರ ಹೊಳ್ಳಿದ್ದು ಈಕಿ ಕೇಳಿದ್ದಕ್ಕ ಅಲ್ಲೇನು?" ಮುರಗೆಪ್ಪ ಕೊನೆಯ ಪ್ರಯತ್ನ ಮಾಡುತ್ತಾರೆ.

"ಕೇಳಿದ್ದಕ್ಕ ಮನ್ಯಾಗ ಹೇಳಿದ್ರ ರಸ್ತೆದಾಗ ಯಾಕ ಕೇಳ್ತಿದ್ದೆ?" ಎಂದು ಕಾಳವ್ವ ಆ ಪ್ರಯತ್ನವನ್ನು ಅಲ್ಲೇ ಮುಗಿಸುತ್ತಾರೆ.

ಹೊಸ ವಾಯರು, ಅದರ ಮೇಲೆ ಬಟ್ಟೆಯ ಹೊದಿಕೆ, ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರು. ನಲವತ್ತು ನಿಮಿಷದ ಕೆಲಸ. ಮತ್ತೆ ಡೇರಿಯ ತನಕ ಸವಾರಿ, ಮತ್ತೆ ಅದೇ ಪ್ರಶ್ನೆ, ಮತ್ತೆ ಮುರಗೆಪ್ಪ ಎಡಕ್ಕೆ ಹೊರಳುತ್ತಾರೆ. ಈ ಸಲ ಗಾಡಿ ಓಡುತ್ತಲೇ ಇರುತ್ತದೆ. ತಪ್ಪಿಸಿಕೊಳ್ಳಲು ದಾರಿಯೇ ಉಳಿದಿಲ್ಲ. "ಹೋಗಿದ್ದೆ. ಕುಸ್ತಿ ನೋಡಾಕ ಹೋಗಿದ್ದೆ," ಎಂದು ಅವರು ಐನಾಪುರದ ನಡುಬೀದಿಯಲ್ಲಿ ಒಪ್ಪಿಕೊಳ್ಳುತ್ತಾರೆ. ಬಲ್ಬು ಕಾಳವ್ವನ ಕೈಯಲ್ಲಿ ಧಗಧಗ ಉರಿಯುತ್ತಿದೆ.

ಆದರೂ ಕಾಳವ್ವ ಗಾಡಿಯಿಂದ ಇಳಿದು ಸೀದಾ ಕೈ ಚಾಚುತ್ತಾರೆ. "ಫೋನ್ ಹಚ್ಚ್ರಿ." ಮುರಗೆಪ್ಪ ನಾಳೆ ಎನ್ನುತ್ತಾರೆ, ಚಾರ್ಜ್ ಇಲ್ಲ ಎನ್ನುತ್ತಾರೆ. ಪಾರಿಸ ತನ್ನ ಫೋನು ಮುಂದೆ ಹಿಡಿಯುತ್ತಾನೆ. ಕೊನೆಗೆ ಸ್ಪೀಕರಿನಲ್ಲಿ ಶೇವಂತಾಳ ದನಿ ಬರುತ್ತದೆ. ಮುರಗೆಪ್ಪ ಗೋಡೆಯ ಕಡೆ ಮುಖ ಮಾಡಿ ಹೇಳುತ್ತಾರೆ: "ಶೇವಂತಾ, ನಾ. ಗಾಡಿ ಸರಿ ಆತು. ತಪ್ಪ ನಿಮ್ಮ ವೈನಿದಲ್ಲ. ತಂತಿ ನಾನ ಕಟ್ಟಿದ್ದೆ... ಹ್ಞೂಂ... ಹೌದವಾ, ನಾನ. ಎಲ್ಲಾರಿಗೂ ಹೇಳು." ಆ ಕಡೆಯಿಂದ ಶೇವಂತಾ, "ನೀ ಮೊದಲಿಂದ ಹಂಗ ಅಣ್ಣಾ. ಸಣ್ಣಾಂವ ಇದ್ದಾಗ ಅಪ್ಪನ ರೇಡಿಯೋನೂ ಹಿಂಗ ಕೆಡಸಿದ್ದಿ," ಎನ್ನುತ್ತಾಳೆ. ಕಾಳವ್ವ ಆಗ ಮೊದಲ ಸಲ ನಗುತ್ತಾರೆ.

ಹಾಲಿನ ಕ್ಯಾರಿಯರನ್ನು ಅವರು ಪಾರಿಸನಿಗೇ ಬಿಟ್ಟುಹೋಗುತ್ತಾರೆ. ಅದರ ಮೇಲೆ ಬಿಸ್ಕೀಟಿನ ಡಬ್ಬಿಗಳು ಚೆನ್ನಾಗಿ ಕೂರುತ್ತವೆ. ಗಾಡಿ ಓಣಿ ದಾಟಿ ಜುಗೂಳದ ರಸ್ತೆಗೆ ಹೊರಳುವಾಗ ಮುರಗೆಪ್ಪನ ತಲೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗುತ್ತಿರುವುದು ಕಾಣುತ್ತದೆ. ಎಂಜಿನ್ನಿನ ಸದ್ದು ಒಂದೇ ಸಮ.

ಉಗಾರದ ಗಿರಾಕಿ ಇನ್ನೂ ಕಾಯುತ್ತಿದ್ದಾನೆ. ಬೀರದೇವ ಅವನ ಸ್ವಿಚ್ಚನ್ನು ಪೆಟ್ರೋಲಿನಿಂದ ತೆಗೆದು ಒರೆಸಲು ಕೂರುತ್ತಾರೆ. ಶೆಡ್ಡಿಗೆ ಒಂದು ಬೋರ್ಡು, ಒಂದು ದೊಡ್ಡ ಅಂಗಡಿ, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಒರೆಸುತ್ತಲೇ ಹೇಳುತ್ತಾರೆ.

"ಬೋರ್ಡ್ ಯಾಕ್ರಿ? ಒಂದ ಕುರ್ಚಿ ತರಬೇಕು. ಬೆನ್ನ ಆನಿಸಾಕ ಬರೂವಂಥಾದ್ದು. ಇಷ್ಟ ವರ್ಷ ಗಾಡಿ ಹೊಡಿಯಾರನ್ನ ಕೇಳ್ಕೋತ ಬಂದೇನಿ, ದಡ್ಡ ನಾನು. ಹಿಂದ ಕುಂತಾರಿಗೆ ಎಲ್ಲಾ ಗೊತ್ತಿರತೈತಿ. ಆ ಅಕ್ಕಾರು ಮುಂಜಾನಿಂದ ನಿಂತಕೊಂಡ ಎಲ್ಲಾ ಹೇಳಿದ್ರು, ಪಾಪ. ಇನ್ನ ಮ್ಯಾಲ ಹೆಂಗಸರು ಬಂದ್ರ ಮೊದಲ ಅವರನ್ನ ಕುಂದ್ರಸಿ ಕೇಳಾಂವ."

ಗಂಡಸರಿಗೆ?

ಬೀರದೇವ ಶೆಡ್ಡಿನ ಹೊರಗೆ ಬಿಸಿಲಿಗೆ ಬಿದ್ದಿರುವ ಸವೆದ ಟ್ರ್ಯಾಕ್ಟರ್ ಟೈರಿನ ಕಡೆ ಬೆರಳು ತೋರಿಸುತ್ತಾರೆ. "ಅದ ಐತೆಲ್ರಿ. ಸುಳ್ಳ ಹೇಳಾಕ ಅಷ್ಟ ಜಾಗಾ ಸಾಕು."